ಕಡೇ ಗದ್ದೆಯ ಫೈನಲ್

ಕೊತ್ತತ್ತಿಯ ಮರಿತಾಯಮ್ಮನಿಗೆ ಹಾಕಿ ಎಂದರೆ ಏನೆಂದು ಗೊತ್ತಿರಲಿಲ್ಲ. ಗೊತ್ತಿದ್ದು ಆಗಬೇಕಾದ್ದೂ ಏನಿರಲಿಲ್ಲ ಬಿಡಿ. ಅವಳಿಗೆ ಗೊತ್ತಿದ್ದದ್ದು ನೀರು. ನಾಲೆಯ ತೂಬಿನಿಂದ ಎಷ್ಟು ನೀರು ಹೊರಡುತ್ತದೆ, ಯಾರ ಗದ್ದೆ ದಾಟುವಾಗ ಎಷ್ಟು ಸಣ್ಣಗಾಗುತ್ತದೆ, ಯಾರು ಕೆಮ್ಮುತ್ತಾ ಗುದ್ದಲಿ ಹಿಡಿದು ಬದುವಿನ ಮೇಲೆ ಹೋದರೆ ಏನರ್ಥ, ಇದೆಲ್ಲ ಬಾಯಿಪಾಠ. ಆದರೂ ಸಾವಿರದ ಒಂಬೈನೂರ ಎಪ್ಪತ್ತೈದನೇ ಇಸವಿಯ ಮಾರ್ಚಿನಲ್ಲಿ, ಒಂದೇ ದಿನದಲ್ಲಿ ಇಡೀ ಊರಿಗೆ ಹಾಕಿಯ ಹುಚ್ಚು ಹಿಡಿಸಿದವಳು ಇದೇ ಮರಿತಾಯಮ್ಮ. ಹೇಗೆ ಅಂತೀರೋ, ಹೇಳುತ್ತೇನೆ.

ಅವಳ ಮೂವತ್ತು ಗುಂಟೆ ಗದ್ದೆ ಇದ್ದದ್ದು ಕಾಲುವೆಯ ಕಟ್ಟಕಡೆಯಲ್ಲಿ. ಅದರಾಚೆ ಕತ್ತಾಳೆ ಬೇಲಿ, ಬೇಲಿಯಾಚೆ ಸ್ಮಶಾನ. ಗಂಡ ತೀರಿಕೊಂಡು ಐದು ವರ್ಷವಾಗಿತ್ತು. ಬೇಸಿಗೆಯಲ್ಲಿ ನಾಲೆಗೆ ಕಟ್ಟು ನೀರು. ಇಷ್ಟು ದಿನ ಬಿಟ್ಟು ಇಷ್ಟು ದಿನ ನಿಲ್ಲಿಸುವುದು. ಬಿಟ್ಟ ದಿನಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹೊತ್ತಿನ ಸರದಿ. ಮರಿತಾಯಮ್ಮನ ಸರದಿ ಶನಿವಾರ ಮಧ್ಯಾಹ್ನದಿಂದ ಹೊತ್ತು ಮುಳುಗುವ ತನಕ. ಸರದಿಯೇನೋ ಇತ್ತು, ನೀರೇ ಇರುತ್ತಿರಲಿಲ್ಲ. ನೀರು ಹಂಚುವ ನೀರುಗಂಟಿ ಪುಟ್ಟಮಾದಯ್ಯ ಪಾಪ ನಿಯತ್ತಿನವನೇ. ಮೇಲಿನ ಗದ್ದೆಗಳಿಗೆ ನೀರು ನುಗ್ಗುವ ಬಾಯಿಗೆಲ್ಲ ಹೆಂಟೆ ಮಣ್ಣು ಜಡಿದು, ಕಾಲಲ್ಲಿ ತುಳಿದು, "ತಕ್ಕಳವ್ವ ನಿನ್ ನೀರು" ಎಂದು ಹೊರಟುಬಿಡುತ್ತಿದ್ದ. ಅವನ ಬೆನ್ನು ಮರೆಯಾಗುವುದೇ ತಡ, ಮೇಲಿನವರು ಒಬ್ಬೊಬ್ಬರಾಗಿ ತಮ್ಮ ತಮ್ಮ ಬಾಯಿ ಬಿಚ್ಚುತ್ತಿದ್ದರು. ಎಲ್ಲರಿಗಿಂತ ಮೇಲಿನವನು ಹೊನ್ನಯ್ಯ, ಬಿಚ್ಚುವುದರಲ್ಲೂ ಎಲ್ಲರಿಗಿಂತ ಮುಂದು. ಮರಿತಾಯಮ್ಮನ ಗದ್ದೆಗೆ ಬಂದು ಮುಟ್ಟುತ್ತಿದ್ದದ್ದು ಎಮ್ಮೆ ಕಾಲು ಒದ್ದೆಯಾಗದಷ್ಟು.

ಹೋಗಿ ಕೇಳಿದರೆ ಹೊನ್ನಯ್ಯ ಹಲ್ಲು ಬಿಡುತ್ತಿದ್ದ. "ಏಡಿ ತೂತು ಮಾಡ್ಯದೆ ಕಣಕ್ಕ, ನಾನೇನ್ ಮಾಡ್ಲಿ? ಏಡಿಗ್ ಏಳು." ಕೆಟ್ಟವನಲ್ಲ, ಅವಳ ಗಂಡ ಸತ್ತಾಗ ಮೂರು ದಿನ ಅವಳ ಮನೆಯ ದನ ನೋಡಿಕೊಂಡವನು. ನೀರಿನ ವಿಷಯಕ್ಕೆ ಮಾತ್ರ ಅವನಿಗೆ ಅಕ್ಕನೂ ಇಲ್ಲ ತಂಗಿಯೂ ಇಲ್ಲ.

ಹೋದ ಬೇಸಿಗೆ ಭತ್ತವೆಲ್ಲ ಜೊಳ್ಳಾಗಿ ದನಕ್ಕೆ ಹಾಕಿದ್ದಳು. ಈ ಸಲವೂ ಹಾಗೇ ಆದರೆ ಗದ್ದೆಯನ್ನು ಹೊನ್ನಯ್ಯನಿಗೇ ಬಿಟ್ಟು ಹಲಗೂರಿನ ತವರಿಗೆ ಹೋಗಿ ಅಣ್ಣನ ಮನೆಯ ಮೂಲೆಯಲ್ಲಿ ಕೂರುವುದು ಎಂದು ಮಾತಾಗಿತ್ತು. ಅಣ್ಣ ಒಳ್ಳೆಯವನು. ಆದರೆ ಐವತ್ತು ವರ್ಷದ ಹೆಂಗಸಿಗೆ ಅಣ್ಣನ ಮನೆ ಮೂಲೆ ಎಂದರೆ ಏನೆಂದು ಹೆಂಗಸರಿಗೇ ಗೊತ್ತು. ಈಗ ಭತ್ತ ಹೊಡೆ ತುಂಬಿ ನಿಂತಿತ್ತು. ತೆನೆ ಹೊರಬರುವ ಈ ಹೊತ್ತಿಗೆ ಒಂದು ಸಲ, ಒಂದೇ ಒಂದು ಸಲ, ತುಂಬಾ ನೀರು ಬೇಕಿತ್ತು. ಆ ಸಲವೇ ಬರುವ ಶನಿವಾರ.

ಶುಕ್ರವಾರ ಬೆಳಿಗ್ಗೆ ಸ್ಕೂಲಿನ ಮುಂದೆ ಹಾದು ಹೋಗುವಾಗ ಕಸ್ತೂರಿರಂಗ ಮೇಷ್ಟ್ರು ಗೇಟಿನ ಹತ್ತಿರ ನಿಂತು ತಮ್ಮಷ್ಟಕ್ಕೇ ನಗುತ್ತಿದ್ದರು. ಮಂಡ್ಯ ಪೇಟೆಯವರು, ಊರಿಗೆ ಬಂದು ಹನ್ನೆರಡು ವರ್ಷ, ಸುಮ್ಮಸುಮ್ಮನೆ ನಗುವ ಜಾತಿಯಲ್ಲ. "ಏನ್ ಮೇಷ್ಟ್ರೆ, ನಗ್ತಾ ಇದೀರಿ?" ಎಂದಳು.

"ಫೈನಲ್ಲಿಗೆ ಬಂದ್ವಮ್ಮ! ನಾಳೆ ಮಧ್ಯಾಹ್ನ. ಹಾಕಿ, ವಿಶ್ವಕಪ್ಪು. ಪಾಕಿಸ್ತಾನದ ಮೇಲೆ."

ಮರಿತಾಯಮ್ಮ ನಾಲ್ಕು ಹೆಜ್ಜೆ ಮುಂದೆ ಹೋದವಳು ಗಕ್ಕನೆ ನಿಂತಳು. ಫೈನಲ್ಲು! ಈ ಮಾತು ಅವಳು ಹಿಂದೊಂದು ಸಲ ಕೇಳಿದ್ದಳು. ಒಂದೂವರೆ ವರ್ಷದ ಹಿಂದೆ, ಗೌರಿ ಹಬ್ಬವಾದ ಎರಡು ಮೂರು ದಿನಕ್ಕೆ, ಇದೇ ಮೇಷ್ಟ್ರ ಮನೆ ರೇಡಿಯೋದ ಮುಂದೆ ಊರಿಗೆ ಊರೇ ಸೇರಿತ್ತು. ಆ ವರ್ಷ ಮಳೆ ಕೈಕೊಟ್ಟು ಆಗಲೂ ಕಟ್ಟು ನೀರೇ, ಆವತ್ತು ಅವಳ ಸರದಿ. ಆವತ್ತು ಅವಳ ಗದ್ದೆಗೆ ನೀರು ತುಂಬಿ ಬದುವಿನ ಮೇಲೆ ಹರಿದಿತ್ತು! ದೇವರು ಕಣ್ಣು ಬಿಟ್ಟ ಎಂದುಕೊಂಡು ಮಾರನೇ ದಿನ ಮಾರಮ್ಮನಿಗೆ ಕಾಯಿ ಒಡೆದು ಬಂದಿದ್ದಳು. ಎಂಥಾ ಪೆದ್ದಿ! ಕಾಯಿ ಒಡೆಯಬೇಕಾಗಿದ್ದದ್ದು ರೇಡಿಯೋಗೆ. ಕದ್ದ ನೀರಿಗೆ ಕಾವಲು ಬೇಕಲ್ಲ, ಬಾಯಿ ಬಿಚ್ಚಿ ಬಿಟ್ಟುಹೋದರೆ ಬದು ಕೊಚ್ಚಿಹೋಗಿ ಗೊಬ್ಬರವೆಲ್ಲ ಪಕ್ಕದವನ ಪಾಲು. ಅವರೆಲ್ಲ ಆಟ ಕೇಳಲು ಹೋದದ್ದಕ್ಕೇ ಅವಳಿಗೆ ನೀರು ಬಂದದ್ದು.

ಸಾಯಂಕಾಲ ಮೇಷ್ಟ್ರ ಮನೆ ಬಾಗಿಲಲ್ಲಿ ಹಾಜರು.

"ಮೇಷ್ಟ್ರೆ, ನಾಳೀಕೆ ರೇಡಿಯೋನ ಜಗುಲಿ ಮ್ಯಾಲೆ ಮಡಗ್ಬೇಕು ನೀವು. ಊರ್ನೋರ್ನೆಲ್ಲ ಕರೀಬೇಕು."

ಮೇಷ್ಟ್ರ ಮುಖ ಹುಳ್ಳಗಾಯಿತು. "ಅದೊಂದು ಬಿಟ್ಟು ಏನಾದ್ರೂ ಕೇಳಮ್ಮ. ವರ್ಷಗಟ್ಟಲೆ ಒಂದಾಟ ಬಿಡದ ಹಾಗೆ ಒಬ್ಬನೇ ಕಿವಿ ಇಟ್ಟು ಕೇಳ್ಕೊಂಡು ಬಂದಿದೀನಿ. ಮೊನ್ನೆ ಸೆಮಿಫೈನಲ್ಲಿಗೆ ಈ ಜಗುಲಿ ಮೇಲೆ ನೊಣ ಇರಲಿಲ್ಲ. ಫೈನಲ್ ಅಂದ್ರೆ ಮಾತ್ರ ಬರ್ತಾರೆ! ಹೋದ ಸಲ ನಮ್ಮವರು ಯಾವ ಕಡೆಗೆ ಹೊಡೀತಾರೆ ಅಂತಾನೂ ಗೊತ್ತಿಲ್ಲದೆ ಕೂಗಿ ಕೂಗಿ, ಕೊನೇ ಹತ್ತು ನಿಮಿಷ ನನಗೆ ಒಂದಕ್ಷರ ಕೇಳಿಸಲಿಲ್ಲ. ಸೋತದ್ದು ಮಾರನೇ ದಿನ ಪೇಪರಿನಲ್ಲಿ ಓದಿ ತಿಳ್ಕೊಂಡೆ. ಈ ಸಲ ಬಾಗಿಲು ಹಾಕ್ಕೊಂಡೇ ಕೇಳೋದು."

ಮರಿತಾಯಮ್ಮನಿಗೆ ಸುತ್ತಿ ಬಳಸಿ ಹೇಳಲು ಬರುತ್ತಿರಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದಳು. ಹೊನ್ನಯ್ಯನ ಏಡಿ, ಹೋದ ವರ್ಷದ ಜೊಳ್ಳು, ಹಲಗೂರಿನ ಮೂಲೆ, ಎಲ್ಲ. "ಅವ್ರು ಇಲ್ಲಿ ಕುಂತಷ್ಟು ಹೊತ್ತು ನಂಗೆ ಅಲ್ಲಿ ನೀರು ಬತ್ತದೆ. ಅಷ್ಟೇಯ ಕಣಪ್ಪ."

ಒಳಗಿಂದ ಮೇಷ್ಟ್ರ ಹೆಂಡತಿ ಕನಕಲಕ್ಷ್ಮಿ ಬಂದು ಬಾಗಿಲಲ್ಲಿ ನಿಂತರು. "ಏನೂಂದ್ರೆ, ಇಷ್ಟು ವರ್ಷ ನಿಮ್ಮ ಹಾಕಿಯಿಂದ ಈ ಮನೆಗೆ ಬ್ಯಾಟರಿ ಖರ್ಚು ಬಿಟ್ಟು ಬೇರೇನು ಬಂತು? ಒಂದು ದಿನ ಒಬ್ಬರಿಗೆ ಉಪಕಾರ ಆಗುತ್ತೆ ಅಂದ್ರೆ ಆಗ್ಲಿ ಬಿಡಿ."

"ಸರಿಯಮ್ಮ," ಎಂದರು ಮೇಷ್ಟ್ರು, ಹಲ್ಲು ಕೀಳಿಸಿಕೊಳ್ಳಲು ಒಪ್ಪಿದವರ ಧ್ವನಿಯಲ್ಲಿ.

ಆಮೇಲೆ ನೋಡಬೇಕಿತ್ತು ಮರಿತಾಯಮ್ಮನ ಓಡಾಟ! ಹಿಟ್ಟಿನ ಗಿರಣಿ, ಅರಳಿಕಟ್ಟೆ, ಬಸ್‌ಸ್ಟ್ಯಾಂಡಿನ ಟೀ ಅಂಗಡಿ, ಒಂದನ್ನೂ ಬಿಡಲಿಲ್ಲ. "ನಾಳೀಕೆ ಪಾಕಿಸ್ತಾನದ ಮ್ಯಾಲೆ ಕಡೇ ಆಟ ಕಣ್ರಪ್ಪ! ಗಂಡಸಾದೋನು ಮನೇಲಿ ಕುಂತಾನಾ?" ಎಂದು ಒಬ್ಬನಿಗೆ. "ಮೇಷ್ಟ್ರು ಎಲ್ರಿಗೂ ಪಾನಕ ಮಾಡುಸ್ತಾವ್ರಂತೆ" ಎಂದು ಇನ್ನೊಬ್ಬನಿಗೆ. ಇದು ಶುದ್ಧ ಸುಳ್ಳು, ಪಾನಕ ಮಾಡಲು ಬೆಲ್ಲವನ್ನು ಅವಳೇ ಕನಕಲಕ್ಷ್ಮಮ್ಮನಿಗೆ ತಂದು ಕೊಟ್ಟಳು.

"ಎಷ್ಟ್ ಜನ ಆಡ್ತಾರಕ್ಕ ಅದ್ರಲ್ಲಿ?" ಎಂದ ಹೊನ್ನಯ್ಯ, ಗೇಲಿ ಮಾಡುವ ದನಿಯಲ್ಲಿ.

"ಎಷ್ಟಾರ ಆಡ್ಲಿ. ನೀನ್ ಬತ್ತೀಯಾ ಇಲ್ವಾ ಅದ್ನೇಳು."

"ಪಾಕಿಸ್ತಾನ ಅಂದ್ಮ್ಯಾಲೆ ಬರ್ದೆ ಇರಾಕಾದದಾ? ಬತ್ತೀನಿ ಕಣ್ ಓಗು."

ಶನಿವಾರ ಬೆಳಗಿನ ಸ್ಕೂಲು ಮುಗಿದು ಊಟವಾಗುವುದರೊಳಗೆ ಜಗುಲಿ ತುಂಬಿ, ಬೀದಿ ತುಂಬಿ, ಎದುರುಮನೆಯ ಗಾಡಿಯ ಮೇಲೂ ಜನ. ಪುಟ್ಟಮಾದಯ್ಯ ಬೇಗ ಬೇಗ ಬಾಯಿಗಳಿಗೆ ಮಣ್ಣು ಜಡಿದು ತಾನೂ ಓಡಿ ಬಂದ. ಮರಿತಾಯಮ್ಮ ಎಲ್ಲರನ್ನೂ ಒಂದು ಸಲ ಕಣ್ಣಲ್ಲೇ ಲೆಕ್ಕ ಹಾಕಿದಳು. ಮೇಲಿನ ಗದ್ದೆಯವರು ಒಬ್ಬರೂ ತಪ್ಪಿಲ್ಲ. ಹೊನ್ನಯ್ಯ ಮುಂದಿನ ಸಾಲಿನಲ್ಲಿ ಕಂಬಕ್ಕೆ ಒರಗಿ ಕೂತಿದ್ದ. ಅವಳು ಸೆರಗು ಬಿಗಿದು ಗದ್ದೆಯ ದಾರಿ ಹಿಡಿದಳು.

ನೀರು ಬಂತು. ಅಬ್ಬಾ, ಎಂಥಾ ನೀರು! ಕಾಲುವೆಯ ಎರಡೂ ದಡ ಮುಟ್ಟಿಕೊಂಡು, ಒಣಗಿದ ಎಲೆ ಕಡ್ಡಿ ನೂಕಿಕೊಂಡು, ನೊರೆ ಕಟ್ಟಿಕೊಂಡು ಬಂತು. ಬಿರುಕು ಬಿಟ್ಟ ಮಣ್ಣು ಗುಳುಗುಳು ಎಂದು ಕುಡಿಯಿತು. ಮರಿತಾಯಮ್ಮ ಮೊದಲ ಪಾತಿ ತುಂಬಿಸಿ ಎರಡನೆಯದಕ್ಕೆ ತಿರುಗಿಸಿದಳು. ನೀರೊಳಗೆ ನಿಂತು "ನನ್ನಪ್ಪ, ನನ್ನಪ್ಪ" ಎಂದು ಯಾರನ್ನೋ ಕರೆದಳು. ದೇವರನ್ನೋ, ಸತ್ತ ಗಂಡನನ್ನೋ, ಪಾಕಿಸ್ತಾನದವರನ್ನೋ ಅವಳಿಗೇ ಗೊತ್ತಿರಲಿಲ್ಲ.

ಮುಕ್ಕಾಲು ಗಂಟೆ ಹೀಗೇ ನಡೆಯಿತು. ಅರ್ಧ ಗದ್ದೆ ತುಂಬಿತು. ಆಮೇಲೆ ನೀರು ಸಣ್ಣಗಾಯಿತು.

ಮೊದಲು ದಡ ಬಿಟ್ಟು ನಾಲ್ಕು ಬೆರಳು ಕೆಳಗಿಳಿಯಿತು. ನೋಡನೋಡುತ್ತಲೇ ಮೊಣಕೈಯಷ್ಟು ದಪ್ಪದ ಧಾರೆ ಹೆಬ್ಬೆರಳಿನಷ್ಟಾಯಿತು. ಕಾಲುವೆಯ ತಳದ ಹಾವಸೆ ಕಂಡಿತು. ಮರಿತಾಯಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಯಾರೋ ಎದ್ದು ಬಂದಿದ್ದಾರೆ. ಆಟ ಕೆಟ್ಟಿದೆ.

ಅವಳಿಗೆ ಅಳು ಬಂತು, ಅಳುವಿನ ಹಿಂದೆಯೇ ಸಿಟ್ಟು ಬಂತು. ಇನ್ನೊಂದು ಮುಕ್ಕಾಲು ಗಂಟೆ ಕೂತಿದ್ದರೆ ಇವರ ಗಂಟು ಹೋಗುತ್ತಿತ್ತೇ? ಗುದ್ದಲಿ ಹೆಗಲ ಮೇಲಿಟ್ಟು ಕಾಲುವೆಯ ದಂಡೆ ಹಿಡಿದು ಮೇಲಕ್ಕೆ ಹೊರಟಳು. ಇವತ್ತು ಏಡಿಯನ್ನೇ ಹಿಡಿದು ಸೀಳುತ್ತೇನೆ ಎಂದುಕೊಂಡಳು.

ಅರ್ಧ ದಾರಿಯಲ್ಲಿ ಎರಡು ವಿಚಿತ್ರ ನಡೆದವು. ಮೊದಲನೆಯದು, ಕಾಲುವೆಯಲ್ಲಿ ನೀರು ಮತ್ತೆ ಏರುತ್ತಾ ಅವಳಿಗೆ ಎದುರಾಗಿ ಬಂತು. ಎರಡನೆಯದು, ಊರ ಕಡೆಯಿಂದ "ಹೋ" ಎಂದು ಒಂದು ಕೂಗು ಎದ್ದಿತು. ಅವಳು ನಿಂತಳು. ತಿರುಗಿ ಹೋಗಲೇ ಎಂದು ಯೋಚಿಸಿದಳು. ಇಲ್ಲ, ಬಂದವನು ಯಾರೆಂದು ನೋಡಿಯೇ ಬಿಡುವುದು ಎಂದು ಮುಂದೆ ನಡೆದಳು. ನಡೆಯುತ್ತಿದ್ದ ಹಾಗೇ ಮೊದಲನೆಯದಕ್ಕಿಂತ ಜೋರಾಗಿ ಇನ್ನೊಂದು ಕೂಗು.

ಹೊನ್ನಯ್ಯನ ಗದ್ದೆಯ ಬಾಯಿಯ ಹತ್ತಿರ, ಹೊಂಗೆ ಮರದ ನೆರಳಲ್ಲಿ, ಪಂಚೆ ಎತ್ತಿ ಕಟ್ಟಿಕೊಂಡು ಒಬ್ಬ ಗಂಡಸು ಬೆನ್ನು ಮಾಡಿ ಕೂತಿದ್ದ.

"ಥೂ ನಿನ್ ಜನ್ಮಕ್ಕೆ!" ಎಂದು ಮರಿತಾಯಮ್ಮ ದೂರದಿಂದಲೇ ಶುರು ಮಾಡಿದಳು. "ರಂಡೆ ಮುಂಡೆ ನೀರು ಕುಡ್ದು ಬೆಳೆದ್ ಬತ್ತ ನಿನ್ ಒಟ್ಟೇಲಿ ಅರಗ್ತದೇನ್ಲಾ? ನಿನ್ ಕೈ ಸೇದೋಗ..."

ಗಂಡಸು ತಿರುಗಿದ. ಕನ್ನಡಕ ಹಾಕಿದ್ದ ಗಂಡಸು.

"ಮುಗೀತಾಮ್ಮ, ಇನ್ನೂ ಇದೆಯಾ?" ಎಂದರು ಕಸ್ತೂರಿರಂಗ ಮೇಷ್ಟ್ರು.

ಮರಿತಾಯಮ್ಮ ನಾಲಿಗೆ ಕಚ್ಚಿಕೊಂಡಳು. "ಅಯ್ಯಯ್ಯೋ! ನೀವಾ? ನೀವಿಲ್ಲೇನ್ ಮಾಡ್ತಾ ಇದೀರಿ? ಆಟ?"

ಮೇಷ್ಟ್ರ ಮೊಣಕಾಲ ತನಕ ಕೆಸರು. ಒಂದು ಅಂಗೈಯಿಂದ ಹೊನ್ನಯ್ಯನ ಗದ್ದೆಯ ಬಾಯಿಗೆ ಮೆತ್ತಿದ ಹಸಿಮಣ್ಣನ್ನು ಒತ್ತಿ ಹಿಡಿದಿದ್ದರು. ಮಣ್ಣು ಜಡಿಯುವ ಕೆಲಸ ಅವರಿಗೆ ಬಾರದೆಂದು ನೋಡಿದರೇ ತಿಳಿಯುತ್ತಿತ್ತು. ಕೈ ತೆಗೆದರೆ ಕಿತ್ತುಹೋಗುವಂತಿತ್ತು.

"ಅರ್ಧ ಆಟ ಆಗೋ ಹೊತ್ತಿಗೆ ಒಂದು ಗೋಲು ಹಿಂದೆ ಬಿದ್ದಿದ್ವು," ಎಂದರು. "ಹೊನ್ನಯ್ಯ 'ಸೋತ್ರು ಬುಡಿ' ಅಂತ ಎದ್ದೇಬಿಟ್ಟ. ಅವನು ಎದ್ದ ಅಂತ ಇನ್ನಿಬ್ಬರು ಪಂಚೆ ಕೊಡವಿಕೊಂಡ್ರು. ಅವರನ್ನ ಕೂರಿಸಿ ಇವನ ಹಿಂದೆ ಓಡಿ ಬಂದೆ. ಬರೋದರೊಳಗೆ ಬಾಯಿ ಬಿಚ್ಚಿದ್ದ."

"ಎಂಗ್ ಒಪ್ದ ಮತ್ತೆ, ಓಗಾಕೆ?"

ಮೇಷ್ಟ್ರಿಗೆ ನಾಚಿಕೆಯಾಯಿತು. "ಮಕ್ಕಳಿಗೆ ದಿನಾ ಮೂಢನಂಬಿಕೆ ಬೇಡ ಅಂತ ಹೇಳೋನು ನಾನು. ಇವತ್ತು 'ನೀನು ಆ ಕಂಬ ಬಿಟ್ಟು ಎದ್ರೆ ನಮ್ಮವರಿಗೆ ಗೋಲೇ ಬರಲ್ಲ ಕಣಯ್ಯಾ, ಹೋಗಿ ಅದೇ ಜಾಗದಲ್ಲಿ ಕೂತ್ಕೊ' ಅಂದೆ. ಬೆಚ್ಚಿಬಿದ್ದ. 'ನನ್ ಗದ್ದೆ?' ಅಂದ. 'ನಾನು ನೋಡ್ಕೋತೀನಿ' ಅಂದೆ. ನೋಡ್ತಾ ಕೂತಿದೀನಿ. ನೀರು ಬಿಡ್ತೀನಿ ಅಂತ ನಾನೇನೂ ಹೇಳಲಿಲ್ಲವಲ್ಲ."

"ಅಲ್ಲಿ ಆಟ ಯಾರ್ ಏಳ್ತಾವ್ರೆ ಮತ್ತೆ, ಇವ್ರಿಗೆ?"

"ನಮ್ಮ ಮನೆಯವರು. ರೇಡಿಯೋದಲ್ಲಿ ಹೇಳೋದೆಲ್ಲ ಹಿಂದೀಲಿ, ಅವರು ಹಿಂದಿ ಪರೀಕ್ಷೆ ಪಾಸು ಮಾಡಿದಾರೆ. ಒಳಗಿಂದ ಕೇಳಿ ಕೇಳಿ ಆಟಾನೂ ಬರುತ್ತೆ ಅಂತ ಇವತ್ತು ಗೊತ್ತಾಯ್ತು."

ಮರಿತಾಯಮ್ಮ ಅವರ ಪಕ್ಕ ಕುಕ್ಕರುಗಾಲಲ್ಲಿ ಕೂತು, ಅವರ ಕೈಯನ್ನು ಮೆಲ್ಲನೆ ಸರಿಸಿ, ನಾಲ್ಕು ಹೆಂಟೆ ತಂದು ಬಾಯಿಗೆ ಸರಿಯಾಗಿ ಜಡಿದಳು. ಒಂದಾಟ ಬಿಡದೆ ಕೇಳಿದ ಮನುಷ್ಯ. ಈ ದಿನಕ್ಕಾಗಿಯೇ ಕಾದವರು. ಆ ದಿನ ಬಂದಾಗ ತನ್ನ ಮೂವತ್ತು ಗುಂಟೆಗೆ ಕೈ ಅಡ್ಡ ಕೊಟ್ಟು ಕೆಸರಲ್ಲಿ ಕೂತಿದ್ದಾರೆ. ಇಷ್ಟು ದೊಡ್ಡದನ್ನು ಯಾರೂ ಅವಳಿಗೆ ಕೊಟ್ಟಿರಲಿಲ್ಲ.

"ಈಗ ಓಗಿ ಮೇಷ್ಟ್ರೆ. ನಾನಿವ್ನಿ."

"ನೀನು ಇಲ್ಲಿ ಕೂತ್ರೆ ಅಲ್ಲಿ ಪಾತಿ ತಿರುಗಿಸೋರು ಯಾರು? ನೀನು ಹೊರಡು." ಆದರೆ ಅವರ ಕಿವಿ ಊರ ಕಡೆಗೇ ಇತ್ತು. "ಎರಡು ಸಲ ಕೂಗಿದ್ರು. ಮೊದಲನೇದು ನಮ್ಮದೇ, 'ಸಮ ಆಯ್ತು' ಅಂತ ಯಾರೋ ಅರಚಿದ್ದು ಕೇಳಿಸ್ತು. ಎರಡನೇದು ಯಾರದು ಅಂತ ತಿಳೀತಿಲ್ಲ. ಇವರು ಗೋಲು ಹೊಡೆದ್ರೂ ಕೂಗ್ತಾರೆ, ಹೊಡೆಸ್ಕೊಂಡ್ರೂ ಕೂಗ್ತಾರೆ."

ಮರಿತಾಯಮ್ಮ ಎದ್ದು ನಿಂತು ಊರಿನ ದಾರಿಯನ್ನು ನೋಡಿದಳು. ದಾರಿ ಖಾಲಿ.

"ಎರಡ್ನೇದೂ ನಮ್ದೇಯ," ಎಂದಳು.

"ಹೇಗೆ ಹೇಳ್ತೀಯ?"

"ಅವ್ರ್ದಾಗಿದ್ರೆ ಇಷ್ಟೊತ್ಗೆ ಇವ್ರೆಲ್ಲ ನೀರ್ಗೆ ಬಂದಿರೋರು."

ಮೇಷ್ಟ್ರು ಅವಳ ಮುಖವನ್ನೇ ನೋಡಿದರು. ಆಮೇಲೆ ಖಾಲಿ ದಾರಿಯನ್ನು ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದರು. ಆಮೇಲಿನ ಆಟವನ್ನು ಅವರು ಕೇಳಿದ್ದು ಹೀಗೆ: ದಾರಿ ನೋಡುವುದು, ಯಾರೂ ಬರುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು, ಉಸಿರು ಬಿಡುವುದು.

ಮರಿತಾಯಮ್ಮ ತನ್ನ ಗದ್ದೆಗೆ ಓಡಿ ಕೊನೆಯ ಪಾತಿ ತಿರುಗಿಸುವ ಹೊತ್ತಿಗೆ ಊರಲ್ಲಿ ತಮಟೆ ಎದ್ದಿತು. ಇದು ಗೋಲಿನ ಕೂಗಲ್ಲ, ನಿಲ್ಲದ ಕೂಗು. ತೊಡೆಮಟ್ಟ ಬೆಳೆದ ಭತ್ತದ ನಡುವೆ, ಹಿಮ್ಮಡಿ ಮುಳುಗುವ ನೀರಲ್ಲಿ ನಿಂತು, ಏನೆಂದು ತಿಳಿಯದಿದ್ದರೂ ಅವಳೂ ಒಂದು ಸಲ "ಹೋ" ಎಂದು ಕೂಗಿಬಿಟ್ಟಳು.

ಹೊನ್ನಯ್ಯ ಓಡುತ್ತಾ ಬಂದು ಮೇಷ್ಟ್ರನ್ನು ಎತ್ತಿಕೊಂಡೇ ಬಿಟ್ಟನಂತೆ. "ನಾನ್ ಓಗಿ ಕಂಬಕ್ಕೆ ಒರಗ್ದೆ, ಬಿತ್ತು ನೋಡಿ ಒಂದು! ಅಲುಗ್ನಿಲ್ಲ ನಾನು, ಉಚ್ಚೆ ಬಂದ್ರೂ ಏಳ್ನಿಲ್ಲ. ಬಿತ್ತು ಇನ್ನೊಂದು!" ಗದ್ದೆಯ ಬಾಯಿ ಮುಚ್ಚಿದ್ದನ್ನು ಅವನು ನೋಡಲೂ ಇಲ್ಲ. ವಿಶ್ವಕಪ್ಪು ಗೆಲ್ಲಿಸಿದವನಿಗೆ ಅಷ್ಟು ಚಿಕ್ಕ ವಿಷಯ ಕಣ್ಣಿಗೆ ಬೀಳುವುದುಂಟೇ? ಊರವರೆಲ್ಲ ಸೇರಿ ಮೇಷ್ಟ್ರಿಗೇ ಆಟ ವರ್ಣಿಸಿದರು, ಒಬ್ಬನಂತೆ ಇನ್ನೊಬ್ಬನಿಲ್ಲ. ಒಬ್ಬ ಚೆಂಡನ್ನು ಕಾಲಲ್ಲಿ ಒದ್ದರು ಎಂದ. ಮೇಷ್ಟ್ರು ತಿದ್ದಲಿಲ್ಲ. ಮತ್ತೆ ಹೇಳಿ, ಇನ್ನೊಂದು ಸಲ ಹೇಳಿ ಎಂದು ಕೇಳಿಸಿಕೊಂಡರು.

ಇಷ್ಟಾದ ಮೇಲೆ ಹೊನ್ನಯ್ಯ ಬದಲಾದ ಎಂದುಕೊಂಡಿರೋ? ಮುಂದಿನ ಸರದಿಗೇ ಅವನ ಗದ್ದೆಯ ಏಡಿ ಮತ್ತೆ ತೂತು ಮಾಡಿತು. ಆದರೆ ಹೊಡೆ ತುಂಬಿದ ಕಾಲಕ್ಕೆ ಸಿಕ್ಕ ಆ ಒಂದು ನೀರು ಭತ್ತವನ್ನು ದಡ ಮುಟ್ಟಿಸಿತು. ತೆನೆ ಬಗ್ಗಿತು, ಕಾಳು ಗಟ್ಟಿಯಾಯಿತು. ಹಲಗೂರಿನ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಕಟಾವಾಗಿ ಹೊಸ ಅಕ್ಕಿ ಮಾಡಿಸಿದ ದಿನ ಮರಿತಾಯಮ್ಮ ಮೊರ ತುಂಬಾ ಅಕ್ಕಿ ತಂದು ಮೇಷ್ಟ್ರ ಮನೆ ಜಗುಲಿಯ ಮೇಲೆ ಇಟ್ಟಳು.

"ಎಷ್ಟ್ ಜನ ಆಡೋದು ಅದ್ನ?" ಎಂದು ಕೇಳಿದಳು.

"ಹನ್ನೊಂದು ಜನ. ಯಾಕಮ್ಮ?"

"ಅವ್ರ ಮನೇಗೊಂದೀಟು ಅಕ್ಕಿ ಮುಟ್ಸಾಕಾದದಾ?"

ಮೇಷ್ಟ್ರು ನಗಲಿಲ್ಲ. "ದೂರ ಆಯ್ತಮ್ಮ. ಪಂಜಾಬು, ಬಾಂಬೆ, ಎಲ್ಲೆಲ್ಲೋ ಇದಾರೆ."

"ಅಂಗಾರೆ ಅವ್ರ ಎಸ್ರಲ್ಲಿ ನೀವೇ ಉಣ್ಣಿ." ಕನಕಲಕ್ಷ್ಮಿಯವರು ತಂದ ಪಾತ್ರೆಗೆ ಒಂದೊಂದೇ ಬೊಗಸೆ ಎಣಿಸಿ ಹನ್ನೊಂದು ಹಾಕಿದಳು. ಆಮೇಲೆ ಒಂದು ಬೊಗಸೆ ಬೇರೆ ತೆಗೆದು, "ಇದು ಒನ್ನಯ್ಯಂಗೆ," ಎಂದು ಸೆರಗಿನ ತುದಿಗೆ ಕಟ್ಟಿಕೊಂಡಳು.

"ಅವನಿಗಾ?" ಎಂದರು ಮೇಷ್ಟ್ರು. "ಫೈನಲ್ ದಿನ ಬಿಟ್ಟು ಈ ಕಡೆ ತಲೆ ಹಾಕೋನಲ್ಲ ಅವನು."

"ಆವತ್ತಾದ್ರೂ ಬಂದ್ನಲ್ಲ, ಸಾಕು ಬುಡಿ. ದಿನಾ ಬಂದಿದ್ರೆ ನಂಗೆ ದಿನಾ ನೀರು ಸಿಕ್ತಿತ್ತು." ಹೇಳಿ ಅವಳೇ ನಕ್ಕಳು.

ಮೊರದಲ್ಲಿ ಇನ್ನೂ ಅಕ್ಕಿ ಉಳಿದಿತ್ತು. ಅದನ್ನು ಪಾತ್ರೆಗೆ ಸುರಿಯಲಿಲ್ಲ. ಮೊರವನ್ನು ಎರಡೂ ಕೈಯಲ್ಲಿ ಎತ್ತಿ ಮೇಷ್ಟ್ರ ಮುಂದೆ ಹಿಡಿದಳು.

"ಅದು ಆಡಿ ಗೆದ್ದೋರ್ದು ಮೇಷ್ಟ್ರೆ. ಇದು ಆಟ ಬುಟ್ಟು ಬಂದೋರ್ದು."

ಮೇಷ್ಟ್ರು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಹೆಗಲ ಮೇಲಿನ ವಲ್ಲಿಯನ್ನು ಬಿಡಿಸಿ ಎರಡೂ ಕೈಯಲ್ಲಿ ಒಡ್ಡಿ ನಿಂತರು.